ಬಿಸಿಲ ನಾಡಿನ ಮನೆಯಲ್ಲಿ ಕಾಫಿಪುಡಿಯ ಘಮ ಉಳಿಸಿಕೊಳ್ಳುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಮೂರೂ ಚಹಾದ ಸೀಮೆಗಳು. ಇಲ್ಲಿ ಫಿಲ್ಟರ್ ಇಟ್ಟುಕೊಂಡ ಮನೆಗಳು ಕಡಿಮೆ. ಕಾಫಿ ಬೆಳೆಯುವ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳು ಕಲಬುರಗಿಯಿಂದ 500 ಕಿಲೋಮೀಟರಿಗೂ ಆಚೆ ಇವೆ. ಹೀಗಾಗಿ ಬೆಂಗಳೂರಿಗೆ ಹೋದವರು ಬರುವಾಗ ಎರಡು ಮೂರು ಕಿಲೋ ಪುಡಿಯನ್ನು ಒಮ್ಮೆಗೇ ಕಟ್ಟಿಸಿಕೊಂಡು ಬರುವುದು ಇಲ್ಲಿನ ಕಾಫಿಪ್ರಿಯರ ರೂಢಿ. ಮೊದಲ ವಾರ ಮನೆಯೆಲ್ಲ ಘಮಘಮಿಸಿದ ಆ ಪುಡಿ ತಿಂಗಳು ಕಳೆಯುವುದರೊಳಗೆ ಬರೀ ಕಹಿಯಾದ ಕಪ್ಪು ನೀರನ್ನು ಕೊಡತೊಡಗಿದಾಗ ಜನ ಡಬ್ಬಿಯನ್ನೋ ಹಾಲನ್ನೋ ದೂರುತ್ತಾರೆ. ನನ್ನ ದೃಷ್ಟಿಯಲ್ಲಿ ದೋಷ ಇರುವುದು ಕೊಂಡು ತಂದ ಪ್ರಮಾಣದಲ್ಲಿ. ನಮ್ಮ ಹವೆಯಲ್ಲಿ ಎಂಥ ಒಳ್ಳೆಯ ಡಬ್ಬಿಯೂ ಹೆಚ್ಚಿಗೆ ತಂದ ಪುಡಿಯನ್ನು ಕಾಪಾಡಲಾರದು. ಕಡಿಮೆ ಕೊಳ್ಳುವುದು ಮೊದಲ ಕೆಲಸ, ಜೋಪಾನವಾಗಿ ಇಡುವುದು ಎರಡನೆಯದು.

ಹುರಿದ ಕಾಳಿನೊಳಗೆ ಏನು ನಡೆಯುತ್ತದೆ ಎಂಬುದು ತಿಳಿದರೆ ಮುಂದಿನ ಮಾತುಗಳೆಲ್ಲ ಸುಲಭವಾಗುತ್ತವೆ. ಹಸಿ ಕಾಫಿಬೀಜದಲ್ಲಿ ಶೇ 11ರಿಂದ 12ರಷ್ಟಿರುವ ತೇವಾಂಶ ಹುರಿದಾಗ ಶೇ 2-3ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಒಣಗಿದ ಕಾಳು ಸುತ್ತಲಿನ ಗಾಳಿಯಿಂದ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳಲು ಸದಾ ಸಿದ್ಧವಾಗಿರುತ್ತದೆ. ಕಾಳಿನಲ್ಲಿ ಎಣ್ಣೆಯ ಅಂಶವೂ ಇದೆ. ಅರೇಬಿಕಾದಲ್ಲಿ ಅದು ಸುಮಾರು ಶೇ 15, ರೊಬಸ್ಟಾದಲ್ಲಿ ಸುಮಾರು ಶೇ 10. ಗಾಳಿಯ ಆಮ್ಲಜನಕ ತಗುಲಿದಂತೆಲ್ಲ ಈ ಎಣ್ಣೆ ಕಮಟಾಗುತ್ತದೆ, ಸುವಾಸನೆ ಕೊಡುವ ಆವಿಶೀಲ ವಸ್ತುಗಳು ಹಾರಿಹೋಗುತ್ತವೆ ಅಥವಾ ಕೆಡುತ್ತವೆ. ಹುರಿಯುವಾಗ ಉಂಟಾಗಿ ಕಾಳಿನೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಹೊರಬರುತ್ತ ಕೆಲವು ದಿನಗಳ ಮಟ್ಟಿಗೆ ಆಮ್ಲಜನಕವನ್ನು ತಡೆಯುತ್ತದೆ. ಪುಡಿ ಮಾಡಿದ ಕೂಡಲೇ ಈ ಅನಿಲದ ಬಹುಪಾಲು ಹೊರಟುಹೋಗುವುದರಿಂದಲೂ, ಗಾಳಿಗೆ ಒಡ್ಡಿಕೊಳ್ಳುವ ಮೈ ಎಷ್ಟೋ ಪಟ್ಟು ಹೆಚ್ಚುವುದರಿಂದಲೂ, ಇಡೀ ಕಾಳು ಮೂರು ನಾಲ್ಕು ವಾರ ತಾಳುವಲ್ಲಿ ಪುಡಿ ಒಂದೆರಡು ವಾರಕ್ಕೇ ಸೋಲುತ್ತದೆ. ಇದಕ್ಕೆ ನಮ್ಮ ಬಿಸಿಲನ್ನೂ ಸೇರಿಸಿಕೊಳ್ಳಬೇಕು. ಶಾಖ 10 ಡಿಗ್ರಿ ಏರಿದಾಗ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಒಪ್ಪಿದರೆ, ಮಲೆನಾಡಿನ 25 ಡಿಗ್ರಿಯ ಅಡುಗೆಮನೆಯಲ್ಲಿ ಹದಿನೈದು ದಿನ ಚೆನ್ನಾಗಿದ್ದ ಪುಡಿ ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಪತ್ರಾಸಿನ ಮನೆಯಲ್ಲಿ ಒಂದು ವಾರವನ್ನೂ ಪೂರೈಸದು.

ಹಾಗಾದರೆ ಎಷ್ಟು ತರಬೇಕು? ಒಂದು ಲೋಟ ಫಿಲ್ಟರ್ ಕಾಫಿಗೆ ಸುಮಾರು 10 ಗ್ರಾಂ ಪುಡಿ ಎಂದಿಟ್ಟುಕೊಂಡರೆ, ಇಬ್ಬರು ದಿನಕ್ಕೆ ಎರಡೆರಡು ಸಲ ಕುಡಿಯುವ ಮನೆಗೆ 40 ಗ್ರಾಂ ಬೇಕು; ಕಾಲು ಕಿಲೋ ಪೊಟ್ಟಣ ಆರು ದಿನಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ಪೊಟ್ಟಣವನ್ನು ಒಡೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಊರಿನ ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣ ತಯಾರಾದ ದಿನಾಂಕವನ್ನು ನೋಡಿಯೇ ಕೊಳ್ಳಬೇಕು, ಹುರಿದ ದಿನಾಂಕ ಮುದ್ರಿಸಿದ್ದರೆ ಇನ್ನೂ ಒಳ್ಳೆಯದು. ಚಹಾ ಹೆಚ್ಚು ಮಾರಾಟವಾಗುವ ಕಡೆ ಕಾಫಿ ಪೊಟ್ಟಣ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರುವುದು ಸಹಜ. 'ಇಂಥ ತಿಂಗಳೊಳಗೆ ಬಳಸಿ' ಎಂಬ ಸಾಲು ಘಮದ ಬಗ್ಗೆ ಏನನ್ನೂ ಹೇಳುವುದಿಲ್ಲ. ಚಿಕೋರಿಯ ಪಾಲನ್ನೂ ಓದಿಕೊಳ್ಳಿ. ಆಹಾರ ಸುರಕ್ಷತಾ ನಿಯಮದಂತೆ ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಚಿಕೋರಿ ಹೆಚ್ಚಿದ್ದರೆ ತೇವ ಹೀರಿ ಬೇಗ ಗಂಟು ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಫಿಯ ಘಮ ಹೋದ ಮೇಲೂ ಚಿಕೋರಿ ಬಣ್ಣವನ್ನೂ ದಪ್ಪವನ್ನೂ ಕೊಡುತ್ತಲೇ ಇರುವುದರಿಂದ ಪುಡಿ ಹಳತಾದದ್ದು ಕಣ್ಣಿಗೆ ತಿಳಿಯುವುದೇ ಇಲ್ಲ.

ಬೆಂಗಳೂರಿನಿಂದಲೇ ತರುವವರಿಗೆ ನನ್ನ ಸಲಹೆ ಎಂದರೆ, ಪುಡಿಯ ಬದಲು ಹುರಿದ ಕಾಳನ್ನೇ ತನ್ನಿ, ಅದನ್ನೂ ಅಂಗಡಿಯಲ್ಲೇ ಕಾಲು ಕಿಲೋದಂತೆ ಬೇರೆ ಬೇರೆ ಕಟ್ಟಿಸಿ ಬಾಯಿ ಬೆಸೆಸಿಕೊಳ್ಳಿ. ಅನಿಲ ಹೊರಗೆ ಮಾತ್ರ ಹೋಗಲು ಬಿಡುವ ಸಣ್ಣ ಕವಾಟವುಳ್ಳ ಚೀಲ ಸಿಕ್ಕರೆ ಉತ್ತಮ. ರಾತ್ರಿಯ ರೈಲಿನಲ್ಲಿ ತಂದದ್ದು ತಂಪಾಗಿಯೇ ಮನೆ ಸೇರುತ್ತದೆ, ಆದರೆ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಹಿಂಬದಿಯಲ್ಲಿ ಬಿಟ್ಟದ್ದು ಒಂದೇ ದಿನದಲ್ಲಿ ಕಳೆಗುಂದುತ್ತದೆ. ಮನೆಯಲ್ಲಿ ಕೈಯಿಂದ ತಿರುಗಿಸುವ ಸಣ್ಣ ಗ್ರೈಂಡರ್ ಇದ್ದರೆ ಬೇಕಾದಷ್ಟನ್ನೇ ಆಗಿಂದಾಗ್ಗೆ ಬೀಸಿಕೊಳ್ಳಬಹುದು. ಮಿಕ್ಸಿಯೂ ಆದೀತು; ಜಾರು ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು, ಮಸಾಲೆ ಖಾರ ಅರೆದ ಜಾರನ್ನು ಮಾತ್ರ ಎಂದಿಗೂ ಬಳಸಬಾರದು.

ಡಬ್ಬಿಯ ವಿಷಯದಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಬೆಳಕು ತೂರದ, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಸಾಕು. ರಬ್ಬರ್ ಉಂಗುರವಿದ್ದರೆ ಮತ್ತಷ್ಟು ಒಳ್ಳೆಯದು. ಗಾಜಿನ ಭರಣಿಯನ್ನು ಕತ್ತಲೆ ಕಪಾಟಿನಲ್ಲಿ ಮಾತ್ರ ಇಡಬೇಕು. ಪ್ಲಾಸ್ಟಿಕ್ಕಿಗೆ ಹಿಂದಿನ ಪದಾರ್ಥದ ವಾಸನೆ ಉಳಿಯುವುದರಿಂದ ಅದು ಬೇಡ. ಹೆಚ್ಚಿನವರು ಮರೆಯುವ ಅಂಶವೊಂದಿದೆ: ಅರ್ಧ ಖಾಲಿಯಾದ ಡಬ್ಬಿಯ ಉಳಿದರ್ಧ ತುಂಬಿರುವುದು ಗಾಳಿಯೇ. ಆದ್ದರಿಂದ ಪುಡಿಯನ್ನು ಅದರ ಚೀಲದಲ್ಲೇ ಬಿಟ್ಟು, ಪ್ರತಿ ಸಲ ಗಾಳಿ ಹಿಂಡಿ, ಬಾಯಿ ಮಡಚಿ ಕ್ಲಿಪ್ ಹಾಕಿ, ಆ ಚೀಲವನ್ನು ಡಬ್ಬಿಯಲ್ಲಿಡುವುದು ಲೇಸು. ಒದ್ದೆ ಚಮಚ ಒಳಗೆ ಹೋಗಬಾರದು. ಹಳೆಯ ಪುಡಿಯ ಮೇಲೆ ಹೊಸದನ್ನು ಸುರಿಯಲೂಬಾರದು. ಡಬ್ಬಿಯ ಗೋಡೆಗೆ ಅಂಟಿದ ಕಮಟು ಎಣ್ಣೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಹೊಸ ಪುಡಿ ತುಂಬಬೇಕು.

ಡಬ್ಬಿಗಿಂತ ಅದನ್ನಿಡುವ ಜಾಗ ಹೆಚ್ಚು ಮುಖ್ಯ, ಈ ವಿಷಯದಲ್ಲಿ ನಮ್ಮ ಹಳೆಯ ಮನೆಗಳು ನಮಗೆ ನೆರವಾಗುತ್ತವೆ. ದಪ್ಪ ಕಲ್ಲಿನ ಗೋಡೆಯೊಳಗಿನ ಗೂಡು, ಶಹಾಬಾದ್ ಕಲ್ಲು ಹಾಸಿದ ನೆಲಕ್ಕೆ ಹತ್ತಿರವಿರುವ ಕೆಳ ಕಪಾಟು, ಉತ್ತರದ ಗೋಡೆಗೆ ಹೊಂದಿದ ಒಳಕೋಣೆ, ಇವೆಲ್ಲ ನಡುಮಧ್ಯಾಹ್ನವೂ ಅಡುಗೆಮನೆಗಿಂತ ತಂಪಾಗಿರುತ್ತವೆ. ಪಡುವಣ ಬಿಸಿಲು ಬೀಳುವ ಗೋಡೆಯ ಕಪಾಟು, ಛಾವಣಿಗೆ ಹತ್ತಿರದ ಅಟ್ಟ, ಒಲೆಯ ಮೇಲಿನ ಹಲಗೆ ಇವು ಸಲ್ಲವು. ಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಹಿಂಡಿ ಇಟ್ಟ ಕಡೆಯಿಂದಲೂ ಕಾಫಿ ದೂರವಿರಲಿ. ಬೇಸಿಗೆಯಲ್ಲಿ ಮನೆಮನೆಯಲ್ಲೂ ಓಡುವ ನೀರಿನ ಕೂಲರ್ ಕೋಣೆಯನ್ನು ತಂಪು ಮಾಡುವುದು ಗಾಳಿಗೆ ತೇವ ಬೆರೆಸಿಯೇ ಎಂಬುದನ್ನು ನೆನಪಿಡಬೇಕು. ಅದರ ಗಾಳಿ ಬೀಸುವಲ್ಲಿ ಪುಡಿಯ ಚೀಲ ತೆರೆದರೆ ಕಡುಬೇಸಿಗೆಯಲ್ಲೂ ಪುಡಿ ಗಂಟಾಗುತ್ತದೆ. ನೀರಿನ ಗಡಿಗೆಯ ಪಕ್ಕವೂ ಅಂಥದೇ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಖದ ಕಾಟ ತಗ್ಗಿ ತೇವದ ಕಾಟ ಏರುವುದರಿಂದ, ಬೇಸಿಗೆಗೆ ಹಿತವಾಗಿದ್ದ ನೆಲದ ಕಪಾಟು ಆಗ ಥಂಡಿ ಹಿಡಿದರೆ ಡಬ್ಬಿಯನ್ನು ಮೇಲಿನ ಒಣ ಜಾಗಕ್ಕೆ ಸಾಗಿಸಬೇಕು.

ಫ್ರಿಜ್ ಬಗ್ಗೆ ಪದೇ ಪದೇ ಕೇಳುತ್ತಾರೆ. ದಿನಬಳಕೆಯ ಪುಡಿಗೆ ಫ್ರಿಜ್ ಬೇಡ. 40 ಡಿಗ್ರಿಯ ಅಡುಗೆಮನೆಗೆ ಹೊರತೆಗೆದ ತಣ್ಣನೆಯ ಡಬ್ಬಿಯನ್ನು ತೆರೆದ ಕೂಡಲೇ ಗಾಳಿಯ ತೇವ ಪುಡಿಯ ಮೇಲೆ ಇಳಿಯುತ್ತದೆ, ನಿನ್ನೆಯ ಹುಳಿಯ ವಾಸನೆಯೂ ಸೇರಿಕೊಳ್ಳುತ್ತದೆ. ಆದರೆ ಹೆಚ್ಚಿಗೆ ತರಲೇಬೇಕಾದವರಿಗೆ ಫ್ರೀಜರ್ ನಿಜವಾಗಿಯೂ ಉಪಕಾರಿ, ಒಂದು ಶಿಸ್ತನ್ನು ಪಾಲಿಸಿದರೆ ಮಾತ್ರ. ಕಾಳನ್ನು ವಾರಕ್ಕೆ ಬೇಕಾಗುವಷ್ಟರ ಪೊಟ್ಟಣಗಳಾಗಿ ಗಾಳಿಯಾಡದಂತೆ ಕಟ್ಟಿ, ಅವನ್ನೆಲ್ಲ ಇನ್ನೊಂದು ಡಬ್ಬಿಯಲ್ಲಿಟ್ಟು ಫ್ರೀಜರಿಗೆ ಹಾಕಿ. ಬೇಕಾದ ಪೊಟ್ಟಣವನ್ನು ರಾತ್ರಿ ಹೊರತೆಗೆದಿಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆ ಬೆಳಿಗ್ಗೆ ಒಡೆಯಿರಿ. ಒಡೆದದ್ದನ್ನು ಮತ್ತೆ ಒಳಗಿಡಬೇಡಿ. ಗಂಟೆಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಈ ಉಪಾಯವನ್ನು ನೆಚ್ಚುವಂತಿಲ್ಲ.

ಪುಡಿ ಇನ್ನೂ ಹೊಸದೇ ಎಂದು ತಿಳಿಯಲು ಫಿಲ್ಟರಿನಲ್ಲಿಯೇ ಪರೀಕ್ಷೆ ಇದೆ. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು ಪುಡಿಯ ಮೇಲೆ ಸ್ವಲ್ಪವೇ ಹೊಯ್ದಾಗ ಪುಡಿ ಉಬ್ಬಿ ಗುಳ್ಳೆ ಬಿಟ್ಟರೆ ಅನಿಲ ಇನ್ನೂ ಉಳಿದಿದೆ ಎಂದರ್ಥ. ಸಪ್ಪಗೆ ಒದ್ದೆಯಾಗಿ ಕೂತರೆ ಅದರ ಕಾಲ ಮುಗಿಯುತ್ತ ಬಂದಿದೆ. ಹಳೆಯ ಶೇಂಗಾ ಎಣ್ಣೆಯಂಥ ಕಮಟು ಮೂಗಿಗೆ ಬಂದ ಪುಡಿಯನ್ನು ಇನ್ನೊಂದು ಚಮಚ ಹೆಚ್ಚು ಹಾಕಿ ಸರಿಪಡಿಸಲಾಗದು, ಕಹಿ ಮಾತ್ರ ಹೆಚ್ಚುತ್ತದೆ.

ಇಳಿದ ಡಿಕಾಕ್ಷನ್ ಪುಡಿಗಿಂತಲೂ ಬೇಗ ಕೆಡುವ ವಸ್ತು. ಬೆಳಗಿನದನ್ನು ಸಂಜೆಗೆ ಉಳಿಸಬೇಕಾದರೆ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸಬೇಕು, ಬೇಸಿಗೆಯಲ್ಲಿ ಹೊರಗಂತೂ ಬಿಡಬಾರದು. ಅದನ್ನು ಮತ್ತೆ ಒಲೆಯ ಮೇಲೆ ಕುದಿಸುವುದು ಉಳಿದ ಘಮವನ್ನೂ ಆವಿಯ ಜೊತೆ ಕಳುಹಿಸಿದಂತೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಕೆಲಹೊತ್ತು ನಿಲ್ಲಿಸಿ, ಕಾದ ಹಾಲನ್ನು ಬೆರೆಸಿದರೆ ಸಾಕು.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡುಸು. ಅದರಲ್ಲಿ ಕರಗಿದ ಬೈಕಾರ್ಬೊನೇಟ್ ಕಾಫಿಯ ಸಹಜವಾದ ಎಳೆಹುಳಿಯನ್ನು ಅಡಗಿಸಿ, ಹೊಸ ಪುಡಿಯನ್ನೂ ಹಳೆಯದರಂತೆ ಮಂಕಾಗಿಸುತ್ತದೆ. ಲವಣವನ್ನೆಲ್ಲ ತೆಗೆದ ಆರ್‌ಒ ನೀರೂ ಸಪ್ಪೆಯೇ ಆದ್ದರಿಂದ, ಆರ್‌ಒ ನೀರಿಗೆ ನಳದ ಕುಡಿಯುವ ನೀರನ್ನು ಸ್ವಲ್ಪ ಬೆರೆಸಿ ನೋಡುವುದು ಒಳ್ಳೆಯದು. ಗಡುಸು ನೀರಿನ ಬಿಳಿ ಪದರ ಫಿಲ್ಟರಿನ ರಂಧ್ರಗಳನ್ನೂ ಕಟ್ಟುತ್ತದೆ. ಫಿಲ್ಟರನ್ನು ದಿನವೂ ಬಿಸಿನೀರಿನಲ್ಲಿ, ವಾಸನೆಯಿಲ್ಲದ ಸೋಪಿನಿಂದ ತೊಳೆದು ಒಣಗಿಸಿ. ತಿಂಗಳಿಗೊಮ್ಮೆ ನಿಂಬೆರಸ ಹಿಂಡಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆಳಕಿಗೆ ಹಿಡಿದು, ಎಲ್ಲ ರಂಧ್ರಗಳೂ ತೆರೆದಿವೆಯೇ ಎಂದು ನೋಡಿಕೊಳ್ಳಿ.