ಮಾಳಿಗೆ ಮೇಲಿಂದ ಗುರು, ಶನಿ: ಯಾವ ಕ್ಯಾಮೆರಾ ಕೊಳ್ಳಬೇಕು?

ಟೆಲಿಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಗ್ರಹಗಳ ಚಿತ್ರ ತೆಗೆಯೋದಾದರೆ ಮೆಗಾಪಿಕ್ಸೆಲ್ ಎಣಿಸಬೇಡಿ, ವೇಗ ನೋಡಿ. ಯುಎಸ್‌ಬಿ 3 ಇರಬೇಕು, ಸೆಕೆಂಡಿಗೆ ನೂರರ ಆಸುಪಾಸು ಫ್ರೇಮ್ (ಬಿಡಿ ಚಿತ್ರ) ಹಿಡಿಯಬೇಕು. ಸಾವಿರಾರು ಫ್ರೇಮ್‌ಗಳಲ್ಲಿ ಚೊಕ್ಕವಾದವನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸುವುದೇ ಇಲ್ಲಿನ ಕೆಲಸ.

ಮೊದಲ ಸಲಕ್ಕೆ ಸೋನಿ ಐಎಂಎಕ್ಸ್ 462 ಅಥವಾ 662 ಸೆನ್ಸರ್‌ನ ಕಲರ್ ಕ್ಯಾಮೆರಾ ಸಾಕು. ಎರಡರಲ್ಲೂ ಪಿಕ್ಸೆಲ್ 2.9 ಮೈಕ್ರಾನ್. ಅದನ್ನು ಐದರಿಂದ ಗುಣಿಸಿ: 14.5. ಟೆಲಿಸ್ಕೋಪಿನ ಎಫ್ ಸಂಖ್ಯೆ (ನಾಭಿದೂರವನ್ನು ಬಾಯಿಯ ಅಗಲದಿಂದ ಭಾಗಿಸಿದರೆ ಬರೋದು) ಇದರ ಹತ್ತಿರ ಬರಬೇಕು. ಎಫ್/5 ನ್ಯೂಟೋನಿಯನ್‌ಗೆ (ಕನ್ನಡಿಯ ಟೆಲಿಸ್ಕೋಪ್) 3ಎಕ್ಸ್ ಬಾರ್ಲೋ, ಅಂದರೆ ಎಫ್ ಸಂಖ್ಯೆಯನ್ನು ಮೂರು ಪಟ್ಟು ಮಾಡುವ ಲೆನ್ಸ್, ಹಾಕಿದರೆ 15, ಸರಿಹೋಯಿತು. 5ಎಕ್ಸ್ ಹಾಕಿದರೆ ಬಿಂಬ ದೊಡ್ಡದಾಗುತ್ತೆ, ಮಂಕೂ ಆಗುತ್ತೆ. ವಿವರ ಮಾತ್ರ ಹೆಚ್ಚೋದಿಲ್ಲ. ಕಣ್ಣಿಗೆ ಕಾಣದ ನೇರಳಾತೀತ, ಅವಕೆಂಪು ಬೆಳಕನ್ನು ತಡೆಯುವ ಯುವಿ-ಐಆರ್ ಕಟ್ ಫಿಲ್ಟರ್ ಜೊತೆಗೇ ತಗೊಳ್ಳಿ, ಇಲ್ಲದಿದ್ದರೆ ಬಣ್ಣ ಕೆಡುತ್ತೆ.

ಕಲಬುರಗಿ ಬಿಸಿಲಿದೆಯೆಂದು ಸೆನ್ಸರ್ ತಂಪಾಗಿಡುವ ಕೂಲಿಂಗ್ ಕ್ಯಾಮೆರಾಗೆ ದುಡ್ಡು ಸುರಿಯುವುದು ದಂಡ. ಎಕ್ಸ್‌ಪೋಜರ್ (ಒಂದು ಫ್ರೇಮಿಗೆ ಬೆಳಕು ಹಿಡಿಯುವ ಹೊತ್ತು) ಬರೀ 5ರಿಂದ 20 ಮಿಲಿಸೆಕೆಂಡ್, ಅಷ್ಟರಲ್ಲಿ ಸೆನ್ಸರಿನ ಬಿಸಿ ಚಿತ್ರ ಕೆಡಿಸೋದಿಲ್ಲ. ನಿಜವಾದ ಕಾಟ ಕಾಲಡಿಯದು. ಹಗಲೆಲ್ಲ ಕಾದ ಶಹಾಬಾದ್ ಕಲ್ಲಿನ ಹಾಸು ರಾತ್ರಿ ಬಿಸಿ ಉಗುಳುತ್ತೆ, ಗುರುವಿನ ಅಂಚು ನೀರೊಳಗಿನ ನೆರಳಿನಂತೆ ಕುಣಿಯುತ್ತೆ. ಮಣ್ಣಿನ ಅಂಗಳ ಇದ್ದರೆ ಅಲ್ಲೇ ಇಡಿ, ಇಲ್ಲವೆಂದರೆ ನಡುರಾತ್ರಿ ದಾಟಲಿ.

ವೇಗ 30 ಫ್ರೇಮಿಗೇ ನಿಂತರೆ ಕೇಬಲ್ ಯುಎಸ್‌ಬಿ 2 ಪೋರ್ಟಿನಲ್ಲಿರಬಹುದು, ಇಲ್ಲ ಲ್ಯಾಪ್‌ಟಾಪಿನದು ಹಳೇ ಹಾರ್ಡ್‌ಡಿಸ್ಕ್. ಚೌಕಟ್ಟನ್ನು 640×480 ಪಿಕ್ಸೆಲ್‌ಗೆ ಇಳಿಸಿ, ಎರಡು ನಿಮಿಷ ರೆಕಾರ್ಡ್ ಮಾಡಿ. ಗುರು ಹತ್ತು ತಾಸಿನೊಳಗೇ ಒಂದು ಸುತ್ತು ತಿರುಗುತ್ತೆ. ಹೆಚ್ಚು ಹೊತ್ತು ಹಿಡಿದರೆ ಅದರ ಮೇಲಿನ ಕೆಂಪು ಕಲೆ ಅಡ್ಡಕ್ಕೆ ಎಳೆದಂತಾಗುತ್ತೆ.