ಬೇಸ್ ಗಿಟಾರಿಗೆ ಮೊದಲು ಕ್ಯಾಬಿನೆಟ್, ಆಮೇಲೆ ಆಂಪ್ಲಿಫೈಯರ್

ಬೇಸ್ ಗಿಟಾರಿಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆಯ್ಕೆಯನ್ನು ಸ್ಪೀಕರ್ ಕ್ಯಾಬಿನೆಟ್‌ನಿಂದ, ಅಂದರೆ ಸ್ಪೀಕರುಗಳನ್ನು ಕೂರಿಸಿದ ಪೆಟ್ಟಿಗೆಯಿಂದ, ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಗಾಳಿಯನ್ನು ಅಲುಗಿಸಿ ದನಿ ಹುಟ್ಟಿಸುವುದು ಸ್ಪೀಕರ್. ಆಂಪ್ಲಿಫೈಯರ್ ಅದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುತ್ತದೆ, ಅಷ್ಟೆ.

ನಾಲ್ಕು ತಂತಿಯ ಬೇಸ್‌ನಲ್ಲಿ ಅತ್ಯಂತ ಕೆಳಗಿನ ಇ ಸ್ವರದ ಕಂಪನ ಸುಮಾರು 41 ಹರ್ಟ್ಜ್. ಐದು ತಂತಿಯ ವಾದ್ಯದ ಬಿ ಸ್ವರದ್ದು ಸುಮಾರು 31 ಹರ್ಟ್ಜ್. ಇಷ್ಟು ಮಂದ್ರವನ್ನು ಪೂರ್ಣ ಬಲದಲ್ಲಿ ನುಡಿಸಬಲ್ಲ ಕ್ಯಾಬಿನೆಟ್‌ಗಳು ಬಹಳ ಕಡಿಮೆ, ಮತ್ತು ಅದರ ಅಗತ್ಯವೂ ಅಷ್ಟಾಗಿ ಇಲ್ಲ. ಮೀಟಿದ ತಂತಿಯಲ್ಲಿ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ವೇಗದ ಹಾರ್ಮೋನಿಕ್‌ಗಳೂ ಇರುತ್ತವೆ. ಇ ಸ್ವರದಲ್ಲಿ 82 ಹರ್ಟ್ಜ್‌ನ ಹಾರ್ಮೋನಿಕ್ ಅನೇಕ ವೇಳೆ ಮೂಲಕ್ಕಿಂತಲೂ ಬಲವಾಗಿರುತ್ತದೆ, ಮತ್ತು ಇವುಗಳನ್ನು ಕೇಳಿದ ಮನಸ್ಸು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. 1969ರಲ್ಲಿ ಬಂದ 300 ವಾಟ್‌ನ ಆಂಪೆಗ್ ಎಸ್‌ವಿಟಿ ಎಂಬ ಆಂಪ್ಲಿಫೈಯರ್ ಜೊತೆ ಹೆಸರಾದ, 10 ಇಂಚಿನ ಎಂಟು ಸ್ಪೀಕರುಗಳ ಮುಚ್ಚಿದ ಕ್ಯಾಬಿನೆಟ್ ರಾಕ್ ಸಂಗೀತದ ಬೇಸ್ ದನಿಗೆ ಒಂದು ಮಾದರಿಯನ್ನೇ ಹಾಕಿಕೊಟ್ಟಿತು. ಅದರ ದನಿಯೂ 40 ಹರ್ಟ್ಜ್ ತಲುಪುವ ಮೊದಲೇ ಇಳಿಮುಖವಾಗುತ್ತದೆ.

ಕ್ಯಾಬಿನೆಟ್ ವಿಷಯದಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ನಿಯಮವಿದೆ. ಧ್ವನಿ ಎಂಜಿನಿಯರುಗಳು ಅದನ್ನು ಹಾಫ್‌ಮನ್ ಹೆಸರಿನಲ್ಲಿ ಕರೆಯುತ್ತಾರೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಾಟ್‌ಗೆ ಹೆಚ್ಚು ದನಿ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಆದ್ದರಿಂದ ಅಂಗೈಯಗಲದ ಪೆಟ್ಟಿಗೆಯಿಂದ ಗುಡುಗು ಬರುತ್ತದೆಂದು ಯಾರಾದರೂ ಹೇಳಿದರೆ, ಅದಕ್ಕೆ ಎಷ್ಟು ವಾಟ್ ಸುರಿಯಬೇಕೆಂದು ಕೇಳಿ ನೋಡಿ. ‘15 ಇಂಚಿನದು ಆಳ, 10 ಇಂಚಿನದು ಚುರುಕು’ ಎಂಬ ಮಾತೂ ಅರ್ಧ ಸತ್ಯ ಮಾತ್ರ. ಮಂದ್ರ ಎಷ್ಟು ಆಳಕ್ಕೆ ಹೋಗುತ್ತದೆಂಬುದನ್ನು ಸ್ಪೀಕರಿನ ವ್ಯಾಸವೊಂದೇ ತೀರ್ಮಾನಿಸುವುದಿಲ್ಲ; ಪೆಟ್ಟಿಗೆಯ ಗಾತ್ರ, ಅದನ್ನು ಶ್ರುತಿಗೊಳಿಸಿದ ರೀತಿ, ಕೋನ್ (ಸ್ಪೀಕರಿನ ಅದುರುವ ಶಂಕುವಿನಾಕಾರದ ಹಾಳೆ) ಹಿಂದೆ ಮುಂದೆ ಎಷ್ಟು ದೂರ ಚಲಿಸಬಲ್ಲದು ಎಂಬುದು, ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಂದ್ರ ನಿಧಾನವಾಗಿ ಕರಗುತ್ತದೆ. ಗಾಳಿರಂಧ್ರವಿರುವ ಪೆಟ್ಟಿಗೆ ಒಂದು ಹಂತದವರೆಗೆ ಹೆಚ್ಚು ಮಂದ್ರವನ್ನು ಕೊಟ್ಟು, ಅದರ ಕೆಳಗೆ ಕಡಿದಾಗಿ ಬೀಳುತ್ತದೆ. ಅಲ್ಲಿ ಕೋನ್‌ಗೆ ಗಾಳಿಯ ಆಸರೆ ತಪ್ಪುವುದರಿಂದ ಅದು ಮಿತಿಮೀರಿ ಓಲಾಡಿ ಹಾಳಾಗುವ ಅಪಾಯವೂ ಇದೆ.

ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಮೊದಲು ನೋಡಬೇಕಾದ ಅಂಕಿ ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಎಂಬುದು. ಮೂರು ಡೆಸಿಬೆಲ್ ಹೆಚ್ಚಬೇಕಾದರೆ ವಾಟ್ ಇಮ್ಮಡಿಯಾಗಬೇಕು. ಕಿವಿಗೆ ದನಿ ಎರಡು ಪಟ್ಟಾಯಿತು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಹೀಗಾಗಿ 100 ಡೆಸಿಬೆಲ್‌ನ ಕ್ಯಾಬಿನೆಟ್‌ಗೆ ಕೊಟ್ಟ 300 ವಾಟ್, 97 ಡೆಸಿಬೆಲ್‌ನ ಕ್ಯಾಬಿನೆಟ್‌ಗೆ ಕೊಟ್ಟ 600 ವಾಟ್‌ಗೆ ಸಮ. ಮುನ್ನೂರರ ಬದಲು ಐನೂರು ವಾಟ್‌ನ ಆಂಪ್ ಕೊಂಡವರಿಗೆ ದನಿಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರುವುದು ಇದಕ್ಕೇ. ಸ್ಪೀಕರಿನ ಮೇಲೆ ಬರೆದಿರುವ ವಾಟ್ ಕೂಡ ಸಾಮಾನ್ಯವಾಗಿ ಅದರ ಸುರುಳಿ ತಾಳುವ ಶಾಖದ ಮಿತಿಯನ್ನು ಹೇಳುತ್ತದೆ. ತೀರಾ ಕೆಳಗಿನ ಸ್ವರಗಳಲ್ಲಿ ಕೋನ್‌ನ ಚಲನೆಯ ಮಿತಿ ಅದಕ್ಕಿಂತ ಬಹಳ ಮೊದಲೇ ಬಂದುಬಿಡಬಹುದು. 30–40 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಇರುವ ಆಂಪ್ ಸಿಕ್ಕರೆ ಅದಕ್ಕೆ ಆದ್ಯತೆ ಕೊಡಿ.

ವಾಟ್ ಲೆಕ್ಕವನ್ನು ಸ್ಥೂಲವಾಗಿ ಹೀಗೆ ಹಾಕಬಹುದು. ಮನೆಯ ಅಭ್ಯಾಸಕ್ಕೆ 15ರಿಂದ 50 ವಾಟ್‌ನ ಕಾಂಬೊ (ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಧಾರಾಳವಾಯಿತು; ಡ್ರಮ್ಸ್ ಜೊತೆ ನುಡಿಸಲು 200–300 ವಾಟ್ ಇಟ್ಟುಕೊಳ್ಳುವುದು ಕ್ಷೇಮ. ವೇದಿಕೆಯ ಧ್ವನಿವರ್ಧಕ ವ್ಯವಸ್ಥೆಗೆ ಬೇಸ್ ಹೋಗುವಂತಿದ್ದರೆ ನಿಮ್ಮ ಆಂಪ್ ನಿಮಗೆ ಮತ್ತು ಸಹವಾದಕರಿಗೆ ಕೇಳಿಸಿದರೆ ಸಾಕು. ಆಗ ಆ ವ್ಯವಸ್ಥೆಗೆ ಬೇಸ್‌ನ ಸಂಕೇತವನ್ನು ನೇರವಾಗಿ ಕಳಿಸುವ ಡಿಐ ಔಟ್‌ಪುಟ್ ಇದೆಯೇ ಎಂಬುದು ವಾಟ್‌ಗಿಂತ ಮುಖ್ಯವಾಗುತ್ತದೆ. ಹೋಲಿಸುವಾಗ ಕ್ಷಣಮಾತ್ರದ ಗರಿಷ್ಠವನ್ನು ಹೇಳುವ ಪೀಕ್ ಅಂಕಿಯನ್ನು ಬಿಟ್ಟು, ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನಷ್ಟೇ ನೋಡಬೇಕು. ಕ್ಲಾಸ್ ಡಿ ಎಂಬ, ಶಕ್ತಿ ಹೆಚ್ಚು ಪೋಲಾಗದ ವಿನ್ಯಾಸದ ಇಂದಿನ ಆಂಪ್‌ಗಳು 500 ವಾಟ್ ಕೊಟ್ಟೂ ಎರಡು ಮೂರು ಕಿಲೋ ಮಾತ್ರ ತೂಗುತ್ತವೆ. ಮೆಟ್ಟಿಲು ಹತ್ತಿಸಬೇಕಾದವರು ಹಗುರವಾದ ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರುಗಳನ್ನೂ ವಿಚಾರಿಸಲಿ.

ಇನ್ನು ಇಂಪಿಡೆನ್ಸ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ, ಓಮ್‌ಗಳಲ್ಲಿ ಅಳೆಯುವ ತಡೆ. ಇಲ್ಲಿ ತಪ್ಪಿದರೆ ಆಂಪ್ ಸುಡಬಹುದು. 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. 4 ಓಮ್‌ನ ಎರಡನ್ನು ಜೋಡಿಸಿದರೆ 2 ಓಮ್. ಆಂಪ್‌ನ ಹಿಂಬದಿಯಲ್ಲಿ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಯಲೇಬಾರದು. ಅದೇ ಆಂಪ್ ಒಂದೇ 8 ಓಮ್‌ನ ಕ್ಯಾಬಿನೆಟ್‌ಗೆ ತನ್ನ ಪೂರ್ಣ ಶಕ್ತಿಯನ್ನು ಕೊಡುವುದಿಲ್ಲ, ಆದರೆ ಮುಂದೆ ಇನ್ನೊಂದು ಕ್ಯಾಬಿನೆಟ್ ಸೇರಿಸಲು ದಾರಿ ತೆರೆದಿರುತ್ತದೆ; ಒಂದರಿಂದ ಆರಂಭಿಸುವವರು 8 ಓಮ್‌ನದನ್ನೇ ಕೊಳ್ಳಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ವಾಲ್ವ್ (ನಿರ್ವಾತ ನಳಿಕೆ) ಆಂಪ್‌ಗಳ ಶಿಸ್ತು ಬೇರೆ: ಅಲ್ಲಿ ಔಟ್‌ಪುಟ್ ಆಯ್ಕೆ ಕ್ಯಾಬಿನೆಟ್‌ನ ಓಮ್‌ಗೆ ಹೊಂದಬೇಕು, ಮತ್ತು ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಡಬಹುದು. ಆಂಪ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲನ್ನೇ ಬಳಸಿ; ಗಿಟಾರ್ ಕೇಬಲ್ ನೋಡಲು ಹಾಗೆಯೇ ಇದ್ದರೂ ಒಳಗಿನ ತಂತಿ ತೀರಾ ತೆಳು.

ಪರೀಕ್ಷಿಸುವಾಗ ನಿಮ್ಮದೇ ಬೇಸ್ ಒಯ್ದು, ಟೋನ್ ಗುಂಡಿಗಳನ್ನೆಲ್ಲ ನಡುವಿನಲ್ಲಿಟ್ಟು, ದಪ್ಪ ತಂತಿಯಲ್ಲಿ ಒಂದೊಂದೇ ಫ್ರೆಟ್ ಏರುತ್ತ ಹೋಗಿ. ಒಂದು ಸ್ವರ ಉಬ್ಬಿ ಮುಂದಿನದು ಮಂಕಾದರೆ ಅದು ಕ್ಯಾಬಿನೆಟ್‌ನದೋ ಕೋಣೆಯದೋ ಎಂದು ತಿಳಿಯಲು ಕ್ಯಾಬಿನೆಟ್‌ನ ಜಾಗ ಬದಲಿಸಿ ಮತ್ತೆ ನುಡಿಸಿ. ಮೂಲೆಯಲ್ಲಿಟ್ಟ ಯಾವ ಕ್ಯಾಬಿನೆಟ್ಟೂ ಇರುವುದಕ್ಕಿಂತ ಹೆಚ್ಚು ಮಂದ್ರ ಇರುವಂತೆ ಕೇಳುತ್ತದೆ. ನೆಲದ ಮೇಲಿನ ಸ್ಪೀಕರ್ ನುಡಿಯುವುದು ನಿಮ್ಮ ಮೊಣಕಾಲಿಗೆ. ಕಿವಿಗೆ ಸ್ಪಷ್ಟತೆ ಸಾಲದೆಂದು ಟ್ರೆಬಲ್ ಹೆಚ್ಚಿಸಿದರೆ ಎದುರು ನಿಂತವರಿಗೆ ಅದು ಕರ್ಕಶವಾಗುತ್ತದೆ. ಆದ್ದರಿಂದ ಗುಂಡಿ ತಿರುಗಿಸುವ ಮೊದಲು ಕ್ಯಾಬಿನೆಟ್ಟನ್ನು ಎತ್ತರಕ್ಕಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ, ನಾಲ್ಕೈದು ಮೀಟರ್ ದೂರ ಹೋಗಿ ಇನ್ನೊಮ್ಮೆ ಕೇಳಿ.