ಮೊದಲ ಹಿಮದಲ್ಲಿ ನಾಯಿ ಜೊತೆ ಸ್ಕೀಗೆ ಹೊರಡುವ ಮುಂಚೆ

ಸೀಸನ್ನಿನ ಮೊದಲ ಹಿಮ ಬಿದ್ದ ತಕ್ಷಣ ಸ್ಕೀ ತೆಗೆದುಕೊಂಡು, ನಾಯಿಯನ್ನೂ ಕರೆದುಕೊಂಡು, ಮೇಲಕ್ಕೆ ಕೊಂಡೊಯ್ಯುವ ಸ್ಕೀ ಲಿಫ್ಟ್ ಇಲ್ಲದ ಕಾಡುಬೆಟ್ಟಕ್ಕೆ ಓಡೋಣ ಅನ್ನಿಸುತ್ತೆ, ಅಲ್ವಾ? ಖಂಡಿತ ಹೋಗಿ. ಆದರೆ ನಾಯಿಗೆ ಯಾವ ದಾರಿ ಆಗುತ್ತೆ ಅಂತ ಮೊದಲು ನೋಡಿ, ನಿಮ್ಮ ಆಸೆ ಆಮೇಲೆ.

ಶುರುವಿನ ಹಿಮಕ್ಕೆ ಗಟ್ಟಿ ತಳ ಇರುವುದಿಲ್ಲ. ಕಲ್ಲು, ಮರದ ಮೋಟು, ಬಿದ್ದ ದಿಮ್ಮಿ ಎಲ್ಲ ಅಡಿಯಲ್ಲೇ ಅಡಗಿರುತ್ತವೆ. ಹಾಗಾಗಿ ಹುಲ್ಲುಗಾವಲು ಅಥವಾ ಹಳೇ ಕಾಡುರಸ್ತೆ ಆರಿಸಿ. ಹಿಮ ಕಡಿಮೆ ಇದೆ, ಹಿಮಕುಸಿತ ಆಗಲ್ಲ ಅಂದುಕೊಳ್ಳಬೇಡಿ. ತೆಳು ಹಿಮ ಚಳಿಯಲ್ಲಿ ಬಹಳ ದಿನ ಕೂತರೆ ಅಡಿಪದರ ಸಕ್ಕರೆಯ ಹಾಗೆ ಬಿಡಿಬಿಡಿಯಾಗುತ್ತೆ, ಅದರ ಮೇಲೆ ಹೊಸ ಹಿಮದ ಭಾರ ಬಿದ್ದಾಗ ಇಡೀ ಪದರವೇ ಜಾರಬಹುದು. ಇಂಥ ಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆ ದಿನದ ಹಿಮಕುಸಿತ ಮುನ್ಸೂಚನೆ ಓದಿ. ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಲಿ. ನಾಯಿಗೆ ಮಾತ್ರ ಮನುಷ್ಯರ ಬೀಕನ್ ಕಟ್ಟಬೇಡಿ. ಎಷ್ಟೇ ಪ್ರೀತಿ ಇದ್ದರೂ ಬೇಡ. ಹುಡುಕುವವರಿಗೆ ಯಾವ ಸಿಗ್ನಲ್ ಯಾರದು ಅಂತ ಗೊತ್ತಾಗದೆ, ಮನುಷ್ಯರನ್ನು ಬಿಟ್ಟು ನಾಯಿ ಇರುವ ಕಡೆ ಅಗೆಯುತ್ತಾ ಕೂರಬಹುದು.

ನನಗೆ ಎಲ್ಲಕ್ಕಿಂತ ಭಯ ಸ್ಕೀ ಅಂಚಿನದು. ಆ ಉಕ್ಕಿನ ಅಂಚು ನಾಯಿಯ ಹಿಂಗಾಲಿಗೆ ತಗುಲಿದರೆ ಚರ್ಮ ಮಾತ್ರ ಅಲ್ಲ, ಸ್ನಾಯುರಜ್ಜು ಕೂಡ ತುಂಡಾಗಬಹುದು. ಇಳಿಯುವಾಗ "ಹಿಂದೆ" ಅಂದರೆ ಹಿಂದೆಯೇ ಬರುವುದನ್ನು ಸಮತಟ್ಟು ಜಾಗದಲ್ಲಿ ಮೊದಲೇ ಕಲಿಸಿ. ಇಬ್ಬರಿದ್ದರೆ ಒಬ್ಬರು ನಾಯಿಯನ್ನು ಹಿಡಿದು ನಿಲ್ಲಲಿ, ಇನ್ನೊಬ್ಬರು ಕೆಳಗೆ ಹೋಗಿ ನಿಂತು ಕರೆಯಲಿ, ಅದು ತಲುಪಿದ ಮೇಲೆ ಮೇಲಿನವರು ಇಳಿಯಲಿ. ಒತ್ತಿ ಕಟ್ಟುವ ಬ್ಯಾಂಡೇಜ್ ಚೀಲದಲ್ಲಿ ಇರಲೇಬೇಕು.

ನಾಯಿ ಇದ್ದಕ್ಕಿದ್ದಂತೆ ಕೂತು ಪಾದ ಕಚ್ಚತೊಡಗಿದರೆ ಬೆರಳ ಸಂದಿಯಲ್ಲಿ ಹೆಚ್ಚಾಗಿ ಹಿಮದ ಗೋಲಿ ಕಟ್ಟಿರುತ್ತೆ. ಅದನ್ನು ಕಿತ್ತರೆ ಕೂದಲೂ ಬರುತ್ತೆ, ನೋವಾಗುತ್ತೆ. ಕೈಗವಸು ತೆಗೆದು ಅಂಗೈಯಲ್ಲಿ ಹಿಡಿದು ಕರಗಿಸಿ. ಹೊರಡುವ ಮುಂಚೆ ಆ ಕೂದಲು ಕತ್ತರಿಸಿ ಪಾದಕ್ಕೆ ಮೇಣ ಹಚ್ಚಿದರೆ ಈ ತೊಂದರೆ ಬಹಳ ಕಡಿಮೆ.

ಇನ್ನು ಕಾಡುಪ್ರಾಣಿಗಳು. ಈ ಹೊತ್ತಿಗೆ ಕರಡಿಗಳೆಲ್ಲ ಗುಹೆ ಸೇರಿರುವುದಿಲ್ಲ. ತಾಜಾ ಹೆಜ್ಜೆ ಕಂಡರೆ ನಾಯಿಗೆ ಹಗ್ಗ ಹಾಕಿ ವಾಪಸ್ ತಿರುಗಿ. ಮೂಸ್ ಇರುವ ಕಾಡಾದರೆ ಇನ್ನೂ ಹುಷಾರು. ಆ ದೈತ್ಯ ಜಿಂಕೆಗೆ ನಾಯಿ ತೋಳದ ಹಾಗೇ ಕಾಣುತ್ತೆ. ಮೂಸ್‌ನ ಕಿವಿ ಹಿಂದಕ್ಕೆ ಮಡಚಿ, ಬೆನ್ನಿನ ಕೂದಲು ನಿಮಿರಿದರೆ ಮೈಮೇಲೆ ಬರಲು ಸಿದ್ಧವಾಗಿದೆ ಅಂತ. ನಾಯಿ ಬೊಗಳಿ, ಹೆದರಿ, ಓಡಿ ಬರುವುದು ನಿಮ್ಮ ಹತ್ತಿರಕ್ಕೇ, ಅದರ ಹಿಂದೆ ಮೂಸ್! ದೊಡ್ಡ ಮರದ ಮರೆಗೆ ಹೋಗಿ. ಸಾಮಾನ್ಯ ಜಿಂಕೆಯನ್ನೂ ಸುಮ್ನೆ ಅಟ್ಟಲು ಬಿಡಬೇಡಿ, ಚಳಿಗಾಲ ಕಳೆಯಲು ಕೂಡಿಟ್ಟ ಕೊಬ್ಬನ್ನು ಅದು ಆ ಓಟದಲ್ಲೇ ಸುಟ್ಟುಬಿಡುತ್ತೆ. ಮುಳ್ಳುಹಂದಿಯ ಮುಳ್ಳು ಚುಚ್ಚಿದ್ದರೆ ಕತ್ತರಿಸದೆ ನೇರ ಪಶುವೈದ್ಯರ ಹತ್ತಿರ ಹೋಗಿ.

ಬೇಟೆ ಸೀಸನ್ ಇನ್ನೂ ಮುಗಿದಿಲ್ಲದಿದ್ದರೆ ನಿಮಗೂ ನಾಯಿಗೂ ಕಿತ್ತಳೆ ಬಣ್ಣದ ಜಾಕೆಟ್ ಇರಲಿ.

ವಾಪಸ್ ಬಂದ ಮೇಲೆ ನಾಯಿಯ ಮೈ ಒರೆಸಿ, ನಾಲ್ಕೂ ಕಾಲನ್ನು ಕೂದಲು ಸರಿಸಿ ನೋಡಿ. ಸಣ್ಣ ಗಾಯ ಒದ್ದೆ ಕೂದಲಿನಲ್ಲಿ ಕಾಣುವುದೇ ಇಲ್ಲ.